ಉರಿ ತಗ್ಗಿಸೇ ಮಾರಾಯ್ತಿ

ನಿವೃತ್ತರಾದ ಮೇಲೆ ಕೆಲವು ಗಂಡಸರು ದೇವರ ಕಡೆ ತಿರುಗುತ್ತಾರೆ, ಕೆಲವರು ಷೇರುಪೇಟೆಯ ಕಡೆ. ನಮ್ಮನೆಯವರು ಅಡುಗೆಮನೆಯ ಕಡೆ ತಿರುಗಿದರು. ಅಡುಗೆ ಮಾಡಲಿಕ್ಕೆ ಎಂದು ತಿಳಿದು ನನ್ನ ಪರವಾಗಿ ಸಂತೋಷಪಡಬೇಡಿ. ಮೂವತ್ತು ಚಿಲ್ಲರೆ ವರ್ಷ ಆಡಿಟ್ ಕೆಲಸ ಮಾಡಿದವರು. ಊರವರ ಖರ್ಚಿನಲ್ಲೆಲ್ಲ ತಪ್ಪು ಹುಡುಕಿ ಮುಗಿದ ಮೇಲೆ ಉಳಿದದ್ದು ನಮ್ಮ ಮನೆಯ ಗ್ಯಾಸ್ ಒಲೆಯೊಂದೇ. ಒಂದು ಬೆಳಿಗ್ಗೆ ಬೇಳೆ ಬೇಯಲಿಟ್ಟು ತಿರುಗಿದರೆ ಹಿಂದೆ ನಿಂತಿದ್ದಾರೆ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡುತ್ತಿದೆ.

"ಮೂರನೇ ವಿಷಲ್ ಯಾಕೆ?" ಎಂದರು.

ಇಂಥ ಪ್ರಶ್ನೆಗೆ ಯಾವ ಪಾಕಶಾಸ್ತ್ರದಲ್ಲೂ ಉತ್ತರವಿಲ್ಲ. ನಮ್ಮಮ್ಮ ಮೂರು ಸಲ ಕೂಗಿಸುತ್ತಿದ್ದಳು, ನಾನೂ ಕೂಗಿಸುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಾಗುವುದೇ ಕುಕ್ಕರುಗಳ ಕೂಗಿನಿಂದ. ಎಣಿಸುತ್ತ ಮಲಗಿದ್ದರೆ ಯಾರ ಮನೆಯಲ್ಲಿ ತೊಗರಿಬೇಳೆ, ಯಾರ ಮನೆಯಲ್ಲಿ ಕಡಲೆಕಾಳು ಎಂದು ಹಾಸಿಗೆಯಲ್ಲೇ ಹೇಳಬಹುದು. ಆದರೆ ಇವರು ಬಿಡಬೇಕಲ್ಲ. ವಿಷಲ್ ಅಂದರೆ ಬೇಯುವ ಸದ್ದಲ್ಲ, ಬಿಸಿ ದಂಡವಾಗುವ ಸದ್ದು ಎಂದರು. ಮೊದಲ ಕೂಗಿಗೇ ಒಳಗೆ 120 ಡಿಗ್ರಿಯ ಹತ್ತಿರ ಮುಟ್ಟಿರುತ್ತದೆ, ಆಮೇಲೆ ಸಿಮ್‌ನಲ್ಲಿಟ್ಟು ಸುಮ್ಮನೆ ಬಿಟ್ಟರೆ ಬೇಳೆ ತನ್ನಷ್ಟಕ್ಕೆ ಬೇಯುತ್ತದಂತೆ. ಒಂದು ಲೀಟರ್ ತಣ್ಣೀರನ್ನು ಕುದಿಯ ತನಕ ತರಲು ಸುಮಾರು 75 ಕಿಲೋ ಕ್ಯಾಲೊರಿ ಸಾಕು, ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡಿ ಕಳಿಸಲು 540 ಬೇಕು. ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ತೆರೆದ ಪಾತ್ರೆಯ ನೀರು ಒಂದು ಡಿಗ್ರಿಯೂ ಮೇಲೇರುವುದಿಲ್ಲ, ಹೆಚ್ಚಿನ ಗ್ಯಾಸೆಲ್ಲ ಹಬೆಗೇ ಖರ್ಚು. ಇದಿಷ್ಟು ಸಾಲದೆಂದು, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿದುಬಿಡುತ್ತದೆ, ಮುಚ್ಚಳವಿಲ್ಲದೆ ಬೇಯಿಸಿದರೆ ಮಂಗಳೂರಿನವರಿಗಿಂತ ನಮಗೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದೂ ಸೇರಿಸಿದರು. ಬೆಂಗಳೂರನ್ನು ಅಷ್ಟು ಎತ್ತರದಲ್ಲಿಟ್ಟವಳೂ ನಾನೇ ಎಂಬ ಧಾಟಿ.

ಕ್ಯಾಲೊರಿಯ ಹೆಸರು ಕೇಳದೆಯೇ ಇದನ್ನೆಲ್ಲ ತಿಳಿದಿದ್ದವಳು ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ. ರಜೆಯಲ್ಲಿ ಹೋದಾಗ ಒಲೆ ನೋಡಿಕೊಳ್ಳುವ ಕೆಲಸ ನನ್ನದು. ಉರಿ ಎಬ್ಬಿಸುವುದರಲ್ಲಿ ಇರುವ ಸುಖ ಮಕ್ಕಳಿಗೆ ಗೊತ್ತು. ಸೌದೆ ತುರುಕುತ್ತಲೇ ಇರುತ್ತಿದ್ದೆ. ಅಜ್ಜಿ ಹಿತ್ತಲಿನಲ್ಲಿದ್ದರೂ ಅನ್ನದ ಚರಿಗೆಯ ಮುಚ್ಚಳ ತಕತಕ ಕುಣಿಯುವುದು ಕೇಳಿಸಿಬಿಡುತ್ತಿತ್ತು. "ಉರಿ ತಗ್ಗಿಸೇ ಮಾರಾಯ್ತಿ, ಕುದಿ ಬಂದಾಯ್ತಲ್ಲ! ಇನ್ನು ಯಾರನ್ನ ಸುಡಕ್ಕೆ ಇಷ್ಟು ಉರಿ?"

ಆ ಅಡುಗೆಮನೆಯಲ್ಲಿ ಯಾವ ಬಿಸಿಗೂ ಒಂದೇ ಕೆಲಸ ಅಂತ ಇರಲಿಲ್ಲ. ಮಣ್ಣಿನ ಒಲೆ, ಅದಕ್ಕೆ ಅಂಟಿಕೊಂಡು ಕೋಡೊಲೆ. ದೊಡ್ಡದರ ಮೇಲೆ ಅನ್ನ ಬೇಯುವಾಗ ಅತ್ತ ದಾಟಿದ ಉರಿಯಲ್ಲಿ ಹುಳಿ ಕುದಿಯುತ್ತಿತ್ತು. ಅನ್ನಕ್ಕೆ ಮುಚ್ಚಳದ ಬದಲು ನೀರು ತುಂಬಿದ ಪಾತ್ರೆ ಇಟ್ಟರೆ ಅನ್ನ ಆಗುವಷ್ಟರಲ್ಲಿ ಆ ನೀರೂ ಬಿಸಿ, ಅದು ಸಾರಿಗೆ. ಅಡುಗೆ ಮುಗಿದದ್ದೇ ಕೊಳ್ಳಿ ಹೊರಗೆಳೆದು ನೀರು ಚಿಮುಕಿಸಿ ಆರಿಸಬೇಕು. ಆ ಇದ್ದಿಲು ಅಜ್ಜನ ಇಸ್ತ್ರಿಪೆಟ್ಟಿಗೆಗೆ. ಒಲೆಯಲ್ಲಿ ಉಳಿದ ಕೆಂಡದ ಮೇಲೆ ಹಪ್ಪಳ, ಗೊಜ್ಜಿಗೆ ಬದನೆಕಾಯಿ. ಕೆಂಡದ ಮೇಲೆ ಬೂದಿ ಕವಿದ ನಂತರ ಹಾಲಿನ ಪಾತ್ರೆ. ಸಂಜೆಯ ತನಕ ಅಲ್ಲೇ ಕೂತು ಕೆಂಪು ಬಣ್ಣಕ್ಕೆ ತಿರುಗಿ ಬೆರಳು ದಪ್ಪ ಕೆನೆ ಕಟ್ಟುತ್ತಿತ್ತು. ಬೂದಿಯೊಳಗೆ ಗೆಣಸು. ಕೊನೆಗೆ ಬೂದಿಯೂ ಪಾತ್ರೆ ತಿಕ್ಕಲಿಕ್ಕೆ, ಮಿಕ್ಕರೆ ತೆಂಗಿನ ಬುಡಕ್ಕೆ. ಬಚ್ಚಲ ಹಂಡೆಯ ಒಲೆಗೆ ಒಳ್ಳೆಯ ಸೌದೆ ಹಾಕಿದರೆ ಬೈಗುಳ. ಅಲ್ಲಿ ಅಡಿಕೆ ಸಿಪ್ಪೆ, ಒಣಗಿದ ಸೋಗೆ, ಇನ್ಯಾವುದಕ್ಕೂ ಬಾರದ್ದು ಮಾತ್ರ ಉರಿಯಬೇಕು.

ಈ ಒಲೆಯನ್ನು ಹಾಡಿ ಹೊಗಳಿದವರನ್ನು ಬೇಕಾದಷ್ಟು ಓದಿದ್ದೇನೆ. ಹೆಚ್ಚಿನವರು ಜಗಲಿಯಲ್ಲಿ ಕೂತು ಆ ಸುಟ್ಟ ಹಪ್ಪಳ ತಿಂದವರು. ಊದುಗೊಳವೆ ಹಿಡಿದವರು ಬರೆದದ್ದು ಕಡಿಮೆ. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತದೆ ಹೊಗೆ ಕಾರುತ್ತಿದ್ದಾಗ ಅಜ್ಜಿಯ ಕಣ್ಣು ಕೆಂಡಸಂಪಿಗೆ ಬಣ್ಣ. ಕೆಮ್ಮು ಶುರುವಾದರೆ ಒಳಗಿನ ಕೋಣೆಯಲ್ಲಿ ಮಲಗಿದ್ದ ನಮಗೂ ಕೇಳಿಸುತ್ತಿತ್ತು. ಹಳೆಯ ಒಲೆಗಳಲ್ಲಿ ಸೌದೆಯ ಬಿಸಿಯಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸಿಗುತ್ತದೆ ಎಂದು ಬಲ್ಲವರು ಅಳೆದಿದ್ದಾರೆ. ಉಳಿದ ಒಂಬತ್ತರಲ್ಲಿ ಬೂದಿಯವರೆಗೂ ಬೆನ್ನಟ್ಟಿ ಅಜ್ಜಿ ಹಿಡಿದದ್ದೆಷ್ಟು, ಅದಕ್ಕಾಗಿ ಆಕೆಯ ಎದೆಗೂಡು ಕೊಟ್ಟದ್ದೆಷ್ಟು ಎಂದು ಮಾತ್ರ ಯಾರೂ ಅಳೆಯಲಿಲ್ಲ.

ಅಳೆಯಲು ಹೊರಟವರೂ ಇದ್ದರು ಎನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದರು. ಕುಣಿಗಲ್ ಹತ್ತಿರದ ಉಂಗ್ರದಲ್ಲಿ ಅದರ ಕೆಲಸ ನಡೆಯಿತು. ರಾಕೆಟ್ಟಿನ ಲೆಕ್ಕ ಮಾಡಬಲ್ಲ ಜನ ಮಣ್ಣಿನ ಒಲೆಯ ಲೆಕ್ಕ ಮಾಡಿದರು ಎಂಬುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ. ಹೀಗೆ ಹುಟ್ಟಿದ ಅಸ್ತ್ರ ಒಲೆಗೆ ಸಾಲಾಗಿ ಮೂರು ಪಾತ್ರೆ, ಕೊನೆಯಲ್ಲಿ ಹೊಗೆ ಕೊಳವೆ. ಹಳೆಯ ಒಲೆಯ ಮೂರರಷ್ಟು ಬಿಸಿಯನ್ನು ಪಾತ್ರೆಗೆ ಮುಟ್ಟಿಸುತ್ತಿತ್ತು. ಎಂಬತ್ತರ ದಶಕದಲ್ಲಿ ಅಜ್ಜಿಯ ಮನೆಗೂ ಬಂತು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವುದನ್ನು ಆಕೆ ಅಂಗಳದಲ್ಲಿ ನಿಂತು, ಸೆರಗು ಹಣೆಗೆ ಹಿಡಿದು ನೋಡಿದಳು. ಇಷ್ಟು ದಿನ ತನ್ನ ಮೂಗಿನೊಳಗೆ ಹೋಗುತ್ತಿದ್ದದ್ದು ಇದೇ ಎಂಬ ಹಾಗೆ.

ಆಮೇಲೆ ತಕರಾರು ಶುರು. ಅಟ್ಟಕ್ಕೆ ಹೊಗೆ ಹೋಗದೆ ಅಲ್ಲಿಟ್ಟ ಬೀಜದ ಸೌತೆಗೆ ಹುಳ, ತೊಲೆಗೆ ಕುಟ್ಟೆ. ಒಲೆಯ ಬಾಯಿ ಚಿಕ್ಕದು, ಅದಕ್ಕೆ ಸೌದೆಯನ್ನು ಸಣ್ಣಗೆ ಸೀಳಬೇಕು. ಸೀಳುವವರು ಯಾರು? ಅಲ್ಲಿಯ ತನಕ ಇಂಧನ ಉಳಿತಾಯದ ಬಗ್ಗೆ ಒಂದು ಮಾತೂ ಆಡದಿದ್ದ ಅಜ್ಜ ಕೊಡಲಿ ಹಿಡಿದು ಹಿತ್ತಲಿಗೆ ಹೋದ ಮೇಲೆ ಬೆವರು ಒರೆಸಿಕೊಳ್ಳುತ್ತ, "ಹಳೇ ಒಲೆನೇ ಲಾಯಕ್ಕಿತ್ತು" ಎಂದರು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಕಿವಿ ಮಂದ ಎಂದು ನಾವೆಲ್ಲ ನಂಬಿದ್ದೆವು. ಹಿತ್ತಲಿನಿಂದ ಮುಚ್ಚಳ ಕುಣಿಯುವುದು ಕೇಳುತ್ತಿದ್ದ ಕಿವಿ ಅದು.

ಶಿವಮೊಗ್ಗದ ನಮ್ಮ ಬಾಡಿಗೆ ಮನೆಯಲ್ಲಿ ಸೌದೆಗೆ ಜಾಗವಿರಲಿಲ್ಲ. ಅಮ್ಮ ನಡೆಸುತ್ತಿದ್ದದ್ದು ಹೊಟ್ಟಿನ ಒಲೆ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ತಗಡಿನ ಡಬ್ಬ, ಬುಡದಲ್ಲೊಂದು ತೂತು. ನಡುವೆ ಒಂದು ಬಾಟಲಿ ನಿಲ್ಲಿಸಿ, ತೂತಿನಿಂದ ಇನ್ನೊಂದನ್ನು ಅಡ್ಡ ತೂರಿಸಿ, ಸುತ್ತಲೂ ಸಾಮಿಲ್ಲಿನಿಂದ ತಂದ ಮರದ ಹೊಟ್ಟನ್ನು ಸುರಿದು ಸುರಿದು ಗಟ್ಟಿಯಾಗಿ ಅದುಮಬೇಕು. ಆಮೇಲೆ ಉಸಿರು ಬಿಗಿಹಿಡಿದು ಬಾಟಲಿಗಳನ್ನು ತಿರುವಿ ತಿರುವಿ ಎಳೆದರೆ ಒಳಗೆ ಸುರಂಗ. ಸಡಿಲಾಗಿ ತುಂಬಿದ್ದರೆ ನಡುವಿನಲ್ಲೇ ಕುಸಿದು ಮನೆ ತುಂಬ ಹೊಗೆ. ರಾತ್ರಿ ಎಲ್ಲರ ಊಟವಾಗಿ, ಪಾತ್ರೆ ತೊಳೆದು, ಅಮ್ಮ ಮರುದಿನದ ಒಲೆ ತುಂಬಲು ಕೂರುತ್ತಿದ್ದಳು. ನಾವು ಗೋಣಿಯಿಂದ ಹೊಟ್ಟು ಮೊಗೆದುಕೊಡಬೇಕು. ಅಪ್ಪ ರೇಡಿಯೋದ ವಾರ್ತೆ ಕೇಳುತ್ತ, "ಗಟ್ಟಿ ಅದುಮು" ಎಂದು ಮಾರ್ಗದರ್ಶನ ಮಾಡುತ್ತಿದ್ದರು.

ಈ ಒಲೆಯ ಗುಣವೆಂದರೆ ಒಮ್ಮೆ ಹೊತ್ತಿಸಿದರೆ ಆರಿಸುವ ಹಾಗಿಲ್ಲ. ಗಂಟೆಗಟ್ಟಲೆ ತನ್ನ ಪಾಡಿಗೆ ಉರಿದೇ ತೀರುತ್ತದೆ. ಹಾಗಾಗಿ ಅದು ಆರುವುದರೊಳಗೆ ಮನೆಯ ಅಷ್ಟೂ ಬೇಯುವ ಕೆಲಸ ಮುಗಿಯಬೇಕು. ಕಾಫಿಯ ನೀರು ಇಳಿಯಿತು ಎನ್ನುವಾಗ ಅನ್ನದ ಪಾತ್ರೆ ಕೈಯಲ್ಲಿ ಸಿದ್ಧ. ಅನ್ನ ಇಳಿದರೆ ಬೇಳೆ, ಆಮೇಲೆ ಪಲ್ಯ, ಉರಿ ಕುಗ್ಗಿದ ಮೇಲೆ ಸ್ನಾನದ ನೀರು. ಬೆಳಗಿನ ಹೊತ್ತು ಅಮ್ಮ ಯಾರ ಜೊತೆಗೂ ಮಾತಾಡಿದ್ದು ನನಗೆ ನೆನಪಿಲ್ಲ. ಎರಡು ರೂಪಾಯಿಯ ಹೊಟ್ಟು ಎಷ್ಟು ದಿನ ಬಂತು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಅದೂ ಬಂತು. ಸಿಲಿಂಡರಿಗೆ ಅರಿಶಿನ ಕುಂಕುಮ ಹಚ್ಚಿದ್ದಾಯಿತು. ಅಪ್ಪ ಮಾತ್ರ ತೂಕದ ಮೇಲೇ ಕಣ್ಣಿಟ್ಟು, 14.2 ಕಿಲೋ ಎಂದು ಎರಡು ಸಲ ಓದಿಕೊಂಡರು. ಅವತ್ತಿನಿಂದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕ 'ಗ್ಯಾ.' ಎಂಬ ಇನ್ನೊಂದು ತಿಥಿ ಸೇರಿತು. ಸಿಲಿಂಡರ್ ಹೂಡಿದ ದಿನ. ಹೋದ ಸಲಕ್ಕಿಂತ ಎರಡು ದಿನ ಹೆಚ್ಚು ಬಂದರೆ ಅವರ ಮುಖದಲ್ಲಿ ಗೆಲುವು. ಮುಗಿಯುವ ಹೊತ್ತಿಗೆ ಸಿಲಿಂಡರಿನ ಹೊಟ್ಟೆಗೆ ಒದ್ದೆ ಬಟ್ಟೆ ಸವರಿ ಕಾಯುವುದು ಇನ್ನೊಂದು ಕ್ರಮ: ಮೇಲಿನ ಭಾಗ ಬೇಗ ಆರುತ್ತದೆ, ಕೆಳಗೆ ದ್ರವವಿರುವಷ್ಟು ಎತ್ತರಕ್ಕೆ ಒದ್ದೆ ನಿಂತಿರುತ್ತದೆ. ಪೆಟ್ರೋಲಿಯಂ ಉಳಿಸಲೆಂದೇ 1978ರಲ್ಲಿ ಕಟ್ಟಿದ ಸರ್ಕಾರಿ ಸಂಘವೊಂದು ಟಿವಿಯಲ್ಲಿ ಬುದ್ಧಿ ಹೇಳುತ್ತಿತ್ತು: ಬೇಳೆ ನೆನೆಸಿ, ಮುಚ್ಚಿ ಬೇಯಿಸಿ, ಎಲ್ಲ ಸಿದ್ಧ ಮಾಡಿಕೊಂಡು ಒಲೆ ಹಚ್ಚಿ, ಬರ್ನರ್ ಸ್ವಚ್ಛವಾಗಿಡಿ. ಹೊಟ್ಟಿನ ಒಲೆಯಲ್ಲಿ ಪಳಗಿದ ಅಮ್ಮ ಅದನ್ನು ನೋಡಿ, "ಇದನ್ನ ನಂಗೆ ಹೇಳ್ತಿದಾರಲ್ಲ" ಎಂದು ಬತ್ತಿ ಹೊಸೆಯುವುದನ್ನು ಮುಂದುವರಿಸುತ್ತಿದ್ದಳು.

ನನ್ನ ಕಾಲದಲ್ಲಿ ಗಾಬರಿಯೆದ್ದದ್ದು 2012ರ ಸೆಪ್ಟೆಂಬರಿನಲ್ಲಿ. ಸಬ್ಸಿಡಿಯ ಸಿಲಿಂಡರ್ ವರ್ಷಕ್ಕೆ ಆರೇ ಎಂದಾಗ ನೆಂಟರು ಬರುತ್ತೇವೆಂದು ಫೋನು ಮಾಡಿದರೆ ಮೊದಲು ಮನಸ್ಸಿಗೆ ಬರುತ್ತಿದ್ದದ್ದು ಹೋಳಿಗೆಯ ಹೂರಣ ಬೇಯುವ ಹೊತ್ತು. ಕೆಲವೇ ತಿಂಗಳಲ್ಲಿ ಒಂಬತ್ತಾಯಿತು, 2014ರಲ್ಲಿ ಹನ್ನೆರಡು. ನೆಂಟರು ಮತ್ತೆ ನೆಂಟರಾದರು.

ಹೀಗೆ ತಲೆತಲಾಂತರದಿಂದ ಉರಿ ತಗ್ಗಿಸುತ್ತ ಬಂದವಳ ಹಿಂದೆ ಬಂದು ನಿಂತು, ಮೂರನೇ ವಿಷಲ್ ಯಾಕೆ ಎಂದು ಕೇಳಿದರೆ ಹೇಗಾಗಬೇಡ!

ಅವರ ಮುಂದಿನ ಯೋಜನೆ ಇಂಡಕ್ಷನ್ ಒಲೆ. ಲೆಕ್ಕ ಚೆನ್ನಾಗಿಯೇ ಇತ್ತು, ಒಪ್ಪಬೇಕು. ಗ್ಯಾಸಿನ ಬಿಸಿಯಲ್ಲಿ ಪಾತ್ರೆಗೆ ತಲುಪುವುದು ಮೂರರಲ್ಲಿ ಎರಡು ಪಾಲು. ಉಳಿದದ್ದು ಪಾತ್ರೆಯ ಪಕ್ಕದಿಂದ ಜಾರಿಹೋಗಿ ಬೇಯಿಸುವವಳನ್ನೇ ಬೇಯಿಸುತ್ತದೆ. ಇಂಡಕ್ಷನ್ನಿನಲ್ಲಿ ತಳವೇ ಬಿಸಿಯಾಗುವುದರಿಂದ ನಷ್ಟ ಕಡಿಮೆ. ಕೂಡಿ ಕಳೆದು ನೋಡಿದರೆ ಒಂದು ಸಿಲಿಂಡರಿನ ಅಡುಗೆಗೆ ಸುಮಾರು 140 ಯೂನಿಟ್ ಕರೆಂಟು ಸಾಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 840. ಸಿಲಿಂಡರಿಗೆ ನಾವು ಕೊಡುತ್ತಿದ್ದದ್ದು 850ರ ಆಸುಪಾಸು. ಎರಡು ದಿನ ಕೂತು ಎಕ್ಸೆಲ್ಲಿನಲ್ಲಿ ಮಾಡಿದ ಲೆಕ್ಕದ ಫಲ ಹತ್ತು ರೂಪಾಯಿ. ಇಂಡಕ್ಷನ್ನಿಗೆ ಹೊಂದದ ನನ್ನ ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳನ್ನು ಬದಲಿಸುವ ಖರ್ಚನ್ನು ಅವರು ಎಲ್ಲೂ ತೋರಿಸಿರಲಿಲ್ಲ. ನಾನು ಆಕ್ಷೇಪಣೆ ಎತ್ತಿದೆ. ಆಡಿಟ್ ಮಾಡಿದವರಿಗೇ ಆಡಿಟ್ ಆದದ್ದು ಅವರಿಗೆ ಸರಿಬರಲಿಲ್ಲ.

"ಕರೆಂಟು ಫ್ರೀ ಅಲ್ವೇನೇ?" ಎಂದು ಅವರು ಕೊನೆಯ ಬಾಣ ಬಿಟ್ಟರು. ಗೃಹಜ್ಯೋತಿ. 200 ಯೂನಿಟ್ ತನಕ ಉಚಿತ ಎಂದು ಎಲ್ಲರಿಗೂ ಬಾಯಿಪಾಠ. ಆದರೆ 2023ರಲ್ಲಿ ಅದು ಶುರುವಾದಾಗಿನ ಲೆಕ್ಕ ಬೇರೆ: 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದಕ್ಕೆ ಶೇ. 10 ಸೇರಿಸಿದಷ್ಟು ಮಾತ್ರ ನಿಮ್ಮ ಪಾಲು. ಅಂದರೆ ಆ ವರ್ಷ ಗೀಸರು, ಎಸಿ ಎಂದು ಧಾರಾಳವಾಗಿ ಇದ್ದವರಿಗೆ ದೊಡ್ಡ ಪಾಲು. ಕೋಣೆಯಿಂದ ಹೊರಬರುವ ಮೊದಲೇ ದೀಪ ಆರಿಸಿ, ಕತ್ತಲೆಯಲ್ಲಿ ಬಾಗಿಲಿಗೆ ಮಂಡಿ ಬಡಿಸಿಕೊಂಡು ಉಳಿಸಿದವರಿಗೆ ಚಿಟಿಕೆಯಷ್ಟು. ನಮ್ಮ ಮನೆಯಲ್ಲಿ ಮಂಡಿ ಬಡಿಸಿಕೊಂಡವರು ಯಾರೆಂದು ಹೇಳಬೇಕಿಲ್ಲ. ಇಂಡಕ್ಷನ್ ಒಲೆ ಹೂಡಿದರೆ ಆ ಚಿಟಿಕೆ ಮೊದಲ ವಾರವೇ ಮುಗಿಯುತ್ತದೆ. ಬಿಲ್ಲು ಹಿಡಿದುಕೊಂಡು ಅವರು ಬಾಲ್ಕನಿಯಲ್ಲಿ ಬಹಳ ಹೊತ್ತು ನಿಂತಿದ್ದರು. ನನಗೂ ಕೆಟ್ಟದೆನಿಸಿತು. ಕಾಫಿ ಮಾಡಿಕೊಟ್ಟೆ, ಗ್ಯಾಸಿನಲ್ಲೇ.

ಇಂಗ್ಲೆಂಡಿನಲ್ಲಿರುವ ಮಗಳು ಉಳಿತಾಯದ ವಿಷಯದಲ್ಲಿ ಅಪ್ಪನ ಪಕ್ಷ. 2022ರ ಚಳಿಗಾಲದಲ್ಲಿ ಅಲ್ಲಿ ಗ್ಯಾಸು, ಕರೆಂಟು ಎರಡರ ದರವೂ ಏರಿದಾಗ ಅವಳ ಅಡುಗೆಮನೆಯ ಗೋಡೆಯ ಬದಿಯಲ್ಲಿ ಸ್ಮಾರ್ಟ್ ಮೀಟರಿನ ಪುಟ್ಟ ಪರದೆ ಇತ್ತು. ಕೆಟಲ್ ಹಾಕಿದರೆ ಹಸಿರಿದ್ದದ್ದು ಕೆಂಪಾಗುತ್ತದೆ, ಪೆನ್ಸುಗಳು ಓಡುವುದು ಕಾಣುತ್ತದೆ. "ನಾಲ್ಕು ಕಪ್ಪಿನ ನೀರು ಕಾಯಿಸಿ ಒಂದು ಕಪ್ಪು ಕುಡಿಯೋದನ್ನ ಬಿಟ್ಬಿಟ್ಟೆ ಅಮ್ಮಾ" ಎಂದಳು. ಕುದಿ ಬಂದ ಬೇಳೆಯ ಪಾತ್ರೆಯನ್ನು ಹಳೆಯ ರಜಾಯಿಯಲ್ಲಿ ಸುತ್ತಿ ಮುಚ್ಚಿಟ್ಟು ಆಫೀಸಿಗೆ ಹೋಗುವುದನ್ನೂ ಕಲಿತಿದ್ದಳು, ಸಂಜೆಗೆ ಬೆಂದಿರುತ್ತದಂತೆ. ಕುಚ್ಚಲಕ್ಕಿ ಉಣ್ಣುವ ನಮ್ಮ ಕರಾವಳಿಯವರು ಒಂದು ಕುದಿ ಬರಿಸಿದ ಪಾತ್ರೆಯನ್ನು ಶಾಖ ಹಿಡಿದಿಡುವ ದಪ್ಪ ಡಬ್ಬಿಯೊಳಗೆ ಕೂರಿಸುವುದೂ ಇದೇ ಉಪಾಯ, ಕೇರಳದ ಶಾಸ್ತ್ರ ಸಾಹಿತ್ಯ ಪರಿಷತ್ತು ಮನೆಮನೆಗೆ ಮುಟ್ಟಿಸಿದ್ದೂ ಇದನ್ನೇ. ಉಪಾಯ ಒಳ್ಳೆಯದು. ನಮ್ಮನೆಯವರು ಅದನ್ನು ಕೇಳಿದ ದಿನವೇ ನನ್ನ ಮದುವೆಯ ರಗ್ಗು ಹುಡುಕತೊಡಗಿದ್ದು ಒಳ್ಳೆಯದಾಗಿರಲಿಲ್ಲ.

ರಗ್ಗು ಸಿಗದಿದ್ದಾಗ ಸೋಮವಾರ ಒಲೆಯನ್ನೇ ಹಚ್ಚದ ವ್ರತ ಘೋಷಿಸಿದರು. ಕೋಸಂಬರಿ, ಮೊಸರವಲಕ್ಕಿ, ಹಸಿ ತಂಬುಳಿ, ಗೊಜ್ಜವಲಕ್ಕಿ: ಬೆಂಕಿಯ ಹಂಗಿಲ್ಲದ ತಿನಿಸು ನಮ್ಮಲ್ಲಿ ಎಷ್ಟಿಲ್ಲ! ತಾವೇ ಮಾಡುವುದಾಗಿಯೂ ಹೇಳಿದರು. ಹೆಸರುಬೇಳೆ ನೆನೆಸಿದರು, ಸೌತೆಕಾಯಿ ಹೆಚ್ಚಿದರು, ತಿಂದು ನೋಡಿದರು. "ಒಗ್ಗರಣೆ ಇಲ್ದೆ ಸಪ್ಪೆ ಕಣೇ." ಒಗ್ಗರಣೆಗೆ ಅಂತ ಒಲೆ ಹೊತ್ತಿತು. ಹೇಗೂ ಹೊತ್ತಿದೆಯಲ್ಲ ಎಂದು ಅದೇ ಎಣ್ಣೆಯಲ್ಲಿ ನಾಲ್ಕು ಸಂಡಿಗೆ. ಸಂಡಿಗೆ ತಿಂದ ಮೇಲೆ ಬಿಸಿ ಕಾಫಿ ಬೇಡವೇ? ಅವರು ಅದನ್ನು ಆ ತಿಂಗಳ ಲೆಕ್ಕದಲ್ಲಿ 'ಇತರೆ' ಎಂದು ಬರೆದುಕೊಂಡರು.

ಈ ಎಲ್ಲ ಪ್ರಯೋಗಗಳನ್ನು ನಮ್ಮ ಮನೆಗೆಲಸಕ್ಕೆ ಬರುವಾಕೆ ಪಾತ್ರೆ ತೊಳೆಯುತ್ತ ನೋಡುತ್ತಿದ್ದಳು. ಸಾರ್ ಸ್ಟಾಪ್‌ವಾಚ್ ಹಿಡಿದು ನಿಂತರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಇವರೇ ಕೇಳಿದರು: "ನಿಮ್ಮನೇಲಿ ಸಿಲಿಂಡರು ಎಷ್ಟು ದಿನ ಬರುತ್ತಮ್ಮ?"

"ಮೂರ್ ತಿಂಗ್ಳು ಬತ್ತದೆ ಸಾರ್. ಒಂದೊಂದ್ ಸಲ ನಾಕೂ ಬತ್ತದೆ."

ನಮ್ಮದು ನಲವತ್ತು ದಿನ ದಾಟಿದರೆ ಹಬ್ಬ. ಇವರು ಕನ್ನಡಕ ಸರಿಮಾಡಿಕೊಂಡರು. ಪುಸ್ತಕ ಬಂತು, ಪೆನ್ನು ಬಂತು. ಕೂರಲು ಸ್ಟೂಲೂ ಬಂತು. "ಹೇಗೆ ಹೇಳು. ಬೇಳೆ ಎಷ್ಟು ಹೊತ್ತು ನೆನೆಸ್ತೀಯ? ಯಾವ ಕುಕ್ಕರು?"

"ಅಯ್, ಏನಿಲ್ಲ ಸಾರ್. ಬೆಳಿಗ್ಗೆ ತಿಂಡಿ ನಂಗೆ ಇಲ್ಲೇ ಆಯ್ತದೆ, ಅಮ್ಮೋರು ಕೊಡ್ತಾರೆ. ಮಧ್ಯಾನ ಆ ಮೂಲೆಮನೇಲಿ ಅನ್ನ ಮಿಕ್ಕಿರ್ತದೆ. ಮಕ್ಕಳಿಗೆ ಇಸ್ಕೂಲಲ್ಲಿ ಬಿಸಿಯೂಟ. ಸ್ನಾನದ ನೀರು ಕಟ್ಟಡದ ಹಲಗೆ ಚೂರು ಆಯ್ಕೊಂಡ್ ಬಂದು ಕಾಯಿಸ್ತೀವಿ. ರಾತ್ರಿ ಒಂದೊತ್ತು ಮುದ್ದೆ ತಿರುವಿ, ಸಾರು ಮಾಡಿದ್ರೆ ಮುಗೀತು. ಅದು ಹೆಂಗ್ ಸಾರ್ ಖರ್ಚಾಯ್ತದೆ?"

ಪೆನ್ನು ಹಾಳೆಯ ಮೇಲೆ 'ಬೇಳೆ' ಎಂಬಲ್ಲಿಗೆ ನಿಂತಿತ್ತು. ಇವರು ಅದರ ಕ್ಯಾಪು ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು. ಆಕೆಗೆ ಪಾಪ ಅನಿಸಿರಬೇಕು.

"ನಿಮ್ದೂ ಬತ್ತದೆ ಬುಡಿ ಸಾರ್" ಎಂದಳು ಕುಕ್ಕರಿನ ಗ್ಯಾಸ್ಕೆಟ್ ಉಜ್ಜುತ್ತ. "ಅಮ್ಮೋರ್ನ ಒಂದ್ ತಿಂಗ್ಳು ತವರಿಗೆ ಕಳ್ಸಿ, ನೋಡಿ."

ಆ ಸಲಹೆಯನ್ನು ಇವರು ಬರೆದುಕೊಳ್ಳಲಿಲ್ಲ. ನಾನು ಬರೆದುಕೊಂಡೆ.